ಒಂದೇ ಪಟ್ಟಿಯಲ್ಲಿ ಇಬ್ಬರು ದಿಮಿತ್ರಿಯೋಸ್: ಗ್ರೀಕರ ಹೆಸರುಗಳ ಬಗ್ಗೆ ಒಂದು ಪ್ರಶ್ನೆ

ಹಡಗುಕಡತ

ಗ್ರೀಸ್‌ನ ಪಿರೇಯಸ್ ಬಂದರಿನ ಒಂದು ಹಡಗು ಕಂಪನಿಯಲ್ಲಿ ನಾವಿಕರ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಬಂದು ಎಂಟು ತಿಂಗಳಾಯಿತು. ಕಳೆದ ವಾರ ಒಂದು ಎಡವಟ್ಟು ಮಾಡಿಕೊಂಡೆ. ಒಂದೇ ಹಡಗು ಹತ್ತಬೇಕಿದ್ದ ಇಬ್ಬರು ದಿಮಿತ್ರಿಯೋಸ್‌ಗಳು. ಮನೆತನದ ಹೆಸರು ಒಂದೇ, ಊರು ಒಂದೇ, ಹುಟ್ಟಿದ ವರ್ಷವೂ ಒಂದೇ. ಪಟ್ಟಿ ಪರದೆಯಲ್ಲಿ ಹಿಡಿಸುವುದಿಲ್ಲವೆಂದು ‘ತಂದೆಯ ಹೆಸರು’ ಎಂಬ ಕಾಲಂ ಅನ್ನು ನಾನೇ ಮರೆಮಾಡಿಟ್ಟಿದ್ದೆ. ಒಬ್ಬನ ವೈದ್ಯಕೀಯ ಪ್ರಮಾಣಪತ್ರ ಇನ್ನೊಬ್ಬನ ಕಡತಕ್ಕೆ ಹೋಯಿತು. ಸೋಡಾಬುಡ್ಡಿ ಕನ್ನಡಕದವನಿಗೆ ಕಾಗದದ ಮೇಲೆ ಹದ್ದಿನ ಕಣ್ಣು ಬಂದಿತ್ತು. ಹಡಗಿನ ಕ್ಯಾಪ್ಟನ್ನೇ ಫೋನ್ ಮಾಡಿ ನಕ್ಕರು.

ಆ ಇಬ್ಬರೂ ಅಣ್ಣತಮ್ಮಂದಿರ ಮಕ್ಕಳೆಂದು ಆಮೇಲೆ ತಿಳಿಯಿತು. ಒಬ್ಬ ಈಗಾಗಲೇ ಇಟ್ಟ ಹೆಸರನ್ನೇ ಇನ್ನೊಬ್ಬ ತನ್ನ ಮಗನಿಗೂ ಏಕೆ ಇಡುತ್ತಾನೆ? ನಮ್ಮ ಕಚೇರಿಯಲ್ಲೇ ನಾಲ್ವರು ಯೋರ್ಗೋಸ್, ಮೂವರು ಯಾನಿಸ್ ಇದ್ದಾರೆ. ‘ತಾಕಿಸ್’ ಎಂದು ಕರೆಸಿಕೊಳ್ಳುವ ಇಬ್ಬರ ನಿಜವಾದ ಹೆಸರುಗಳು ಮಾತ್ರ ಬೇರೆ ಬೇರೆ. ಈ ಹೆಸರುಗಳಿಗೆಲ್ಲ ಅರ್ಥವಿದೆಯೇ? ಮಕ್ಕಳ ಹೆಸರಿನ ಜಾಲತಾಣಗಳು ಒಂದೊಂದು ಕಡೆ ಒಂದೊಂದು ಹೇಳುತ್ತವೆ.

ಏಜಿಯನ್‌ಗಾಳಿ

ಅಲ್ಲಿ ತಂದೆತಾಯಿ ಹೆಸರನ್ನು ಹುಡುಕುವುದಿಲ್ಲ, ಅದು ಮೊದಲೇ ಮನೆಯಲ್ಲಿ ಕಾದಿರುತ್ತದೆ. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ಸಾಮಾನ್ಯವಾಗಿ ತಾಯಿಯ ತಂದೆಯದು. ಅಜ್ಜ ದಿಮಿತ್ರಿಯೋಸ್‌ಗೆ ಮೂವರು ಗಂಡುಮಕ್ಕಳಿದ್ದು ಮೂವರಿಗೂ ಗಂಡು ಹುಟ್ಟಿದರೆ ಮೂವರು ದಿಮಿತ್ರಿಯೋಸ್‌ಗಳು ಸಿದ್ಧ. ಇಡದಿದ್ದರೆ ಅಜ್ಜ ಮುನಿಸಿಕೊಳ್ಳುತ್ತಾನೆ. ಬದುಕಿರುವ ಅಜ್ಜನ ಹೆಸರಿಡುವುದು ಅಲ್ಲಿ ತಪ್ಪಲ್ಲ, ಇಡದಿರುವುದೇ ತಪ್ಪು. ಪ್ರಧಾನಿಗಳ ಸಾಲು ನೋಡಿ: ಯೋರ್ಗೋಸ್ ಪಾಪಾಂದ್ರೆಯು, ಅವರ ಮಗ ಆಂದ್ರೆಯಾಸ್, 2009ರಲ್ಲಿ ಪ್ರಧಾನಿಯಾದ ಮೊಮ್ಮಗ ಮತ್ತೆ ಯೋರ್ಗೋಸ್.

ಹೆಣ್ಣುಮಕ್ಕಳಿಗೂ ಅಜ್ಜಿಯರ ಹೆಸರೇ. ಏಜಿಯನ್ ಸಮುದ್ರದ ಕೆಲವು ದ್ವೀಪಗಳಲ್ಲಿ ಮೊದಲ ಹೆಣ್ಣಿಗೆ ತಾಯಿಯ ತಾಯಿಯ ಹೆಸರು. ಕಾರ್ಪಾಥೋಸ್ ದ್ವೀಪದಲ್ಲಂತೂ ಹೆಸರಿನ ಜೊತೆಗೆ ತಾಯಿಯ ಕಡೆಯ ಆಸ್ತಿಯೂ ಆ ಹಿರಿಮಗಳಿಗೇ ಹೋಗುತ್ತಿತ್ತು.

ಹಾಗಾಗಿ ನೀವು ಮರೆಮಾಡಿದ ಕಾಲಂ ಇದೆಯಲ್ಲ, ಗ್ರೀಕ್ ಕಾಗದಪತ್ರಗಳ ಜೀವ ಇರುವುದೇ ಅದರಲ್ಲಿ. ‘ನಿಕೋಲಾಓಸ್‌ನ ದಿಮಿತ್ರಿಯೋಸ್’, ‘ಸ್ತಾವ್ರೋಸ್‌ನ ದಿಮಿತ್ರಿಯೋಸ್’ ಎಂದು ತಂದೆಯ ಹೆಸರು ಷಷ್ಠಿ ವಿಭಕ್ತಿಯಲ್ಲಿ ಬರುತ್ತದೆ. ದಯವಿಟ್ಟು ಅದನ್ನು ಈಗಲೇ ತೆರೆದಿಡಿ.

ಇನ್ನು ತಾಕಿಸ್. ‘-ಆಕಿಸ್’ ಮುದ್ದಿನ ಪ್ರತ್ಯಯ. ಪಾನಯೋತಿಸ್ ಪಾನಯೋತಾಕಿಸ್ ಆಗಿ, ತಲೆ ಬಿದ್ದುಹೋಗಿ ಬಾಲ ಉಳಿಯಿತು. ದಿಮಿತ್ರಾಕಿಸ್‌ಗೂ ಅದೇ ಗತಿ. ಅದಕ್ಕೇ ನಿಮ್ಮ ಇಬ್ಬರು ತಾಕಿಸ್‌ಗಳು ಬೇರೆ ಬೇರೆ. ಅಂದಹಾಗೆ, ಎದುರಿಗೆ ಕರೆಯುವಾಗ ‘ಯೋರ್ಗೋಸ್’ ಎನ್ನಬೇಡಿ, ‘ಯೋರ್ಗೋ’ ಎನ್ನಿ. ಅವರಲ್ಲಿ ಸಂಬೋಧನೆಯಲ್ಲಿ ಕೊನೆಯ ಸಕಾರ ಬಿದ್ದುಹೋಗುತ್ತದೆ.

ಧಾತುಪಾಠ

ಅರ್ಥದ ಪ್ರಶ್ನೆಗೆ ನಾನು ಬರುತ್ತೇನೆ. ನಿವೃತ್ತ ಸಂಸ್ಕೃತ ಮೇಷ್ಟ್ರು, ಐವತ್ತೆಂಟರ ವಯಸ್ಸಿನಲ್ಲಿ ಗ್ರೀಕ್ ಹಿಡಿದವನು. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಯೋರ್ಗೋಸ್ ಎಂದರೆ ಬೇಸಾಯಗಾರ: ಗೇ ಎಂದರೆ ಭೂಮಿ, ಎರ್ಗೋನ್ ಎಂದರೆ ಕೆಲಸ. ದಿಮಿತ್ರಿಯೋಸ್ ಎಂದರೆ ಡಿಮೀಟರ್ ದೇವತೆಗೆ ಸೇರಿದವನು. ಆಕೆ ಪೈರುಪಚ್ಚೆಯ ದೇವತೆ. ಹೆಸರಿನ ಕೊನೆಯ ‘ಮೀಟರ್’ ನಮ್ಮ ‘ಮಾತೃ’ವೇ. ಫಿಲಿಪೋಸ್ ಕುದುರೆಯ ಪ್ರೇಮಿ. ನಿಕೋಲಾಓಸ್‌ನಲ್ಲಿ ಗೆಲುವೂ ಇದೆ, ಜನವೂ ಇದೆ. ಯಾನಿಸ್ ಮಾತ್ರ ಗ್ರೀಕ್ ಮೂಲದ್ದಲ್ಲ. ಹೀಬ್ರೂವಿನ ಯೋಹಾನಾನ್, ‘ದೇವರು ಕೃಪೆ ತೋರಿದ’ ಎಂದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಎರಡು ಹೆಸರು. ಒಂದು ಅಮ್ಬ್ರೋಸಿಯೋಸ್: ‘ಅ’ ಇಲ್ಲವೆನ್ನುವುದಕ್ಕೆ, ಉಳಿದದ್ದು ಮೃತ್ಯುವಿಗೆ. ಅದು ನಮ್ಮ ‘ಅಮೃತ’ದ ಒಡಹುಟ್ಟು, ಎರವಲಲ್ಲ. ಇನ್ನೊಂದು ಕ್ಲಿಯೋಪಾತ್ರಾ. ‘ಕ್ಲೇಓಸ್’ ಎಂದರೆ ಕೀರ್ತಿ, ವೇದದ ‘ಶ್ರವಸ್’, ಉಳಿದದ್ದು ಪಿತೃ. ತಂದೆಯ ಕೀರ್ತಿ. ಅದೇ ಎರಡು ತುಂಡುಗಳನ್ನು ತಿರುಗಿಸಿ ಜೋಡಿಸಿದರೆ ಟ್ರಾಯ್ ಯುದ್ಧದ ಪಾತ್ರೋಕ್ಲೋಸ್. ಹಳೆಯ ಗ್ರೀಕರು ಹೀಗೆ ಎರಡು ಮಾತುಗಳನ್ನು ಬೆಸೆದೇ ಹೆಸರು ಕಟ್ಟುತ್ತಿದ್ದರು.

ಆ ಬೆಸುಗೆಗೆ ಗಂಡಹೆಂಡಿರ ಜಗಳವೂ ಆಗುತ್ತಿತ್ತು. ಕ್ರಿ.ಪೂ. 423ರಲ್ಲಿ ಅಥೆನ್ಸ್‌ನಲ್ಲಿ ಆಡಿದ ಅರಿಸ್ಟೋಫನೀಸ್‌ನ ‘ಮೋಡಗಳು’ ಪ್ರಹಸನದಲ್ಲಿ ಹಳ್ಳಿಯ ಗಂಡ, ಪಟ್ಟಣದ ದೊಡ್ಡ ಮನೆತನದ ಹೆಂಡತಿ. ಮಗನ ಹೆಸರಿನಲ್ಲಿ ‘ಹಿಪ್ಪೋಸ್’, ಅಂದರೆ ಕುದುರೆ, ಇರಲೇಬೇಕೆಂದು ಅವಳ ಹಟ: ಕ್ಸಾಂತಿಪ್ಪೋಸ್, ಖಾರಿಪ್ಪೋಸ್, ಹೀಗೆ. ಕುದುರೆ ಸಾಕುವುದು ಸಿರಿವಂತರಿಗೇ ಆಗುವ ಕೆಲಸ ತಾನೆ? ಗಂಡನಿಗೆ ತನ್ನ ಅಪ್ಪನ ಹೆಸರಾದ ಫೈದೋನಿದೀಸ್ ಬೇಕು. ಅದರಲ್ಲಿರುವುದು ಮಿತವ್ಯಯ, ಸಲಿಗೆಯಿಂದ ಹೇಳಿದರೆ ಜಿಪುಣತನ. ಕೊನೆಗೆ ರಾಜಿಯಾಗಿ ಫೈದಿಪ್ಪಿದೀಸ್ ಎಂದಿಟ್ಟರು. ಮಿತವ್ಯಯದ ಬೆನ್ನಿಗೆ ಕುದುರೆ ಕಟ್ಟಿದಂತಾಯಿತು. ಮಗ ಕುದುರೆ ಹುಚ್ಚಿನಲ್ಲೇ ಅಪ್ಪನನ್ನು ಸಾಲದಲ್ಲಿ ಮುಳುಗಿಸುತ್ತಾನೆ.

ಅಜ್ಜನ ಹೆಸರಿನ ವಾಡಿಕೆ ಆಗಲೇ ಇತ್ತೆಂಬುದನ್ನೂ ಗಮನಿಸಿ. ಅಥೆನ್ಸ್‌ನ ನಾಯಕ ಪೆರಿಕ್ಲೀಸ್‌ನ ತಂದೆ ಕ್ಸಾಂತಿಪ್ಪೋಸ್, ಹಿರಿಮಗನೂ ಕ್ಸಾಂತಿಪ್ಪೋಸ್. ಧರ್ಮ ಬದಲಾಯಿತು, ಅಜ್ಜ ಬದಲಾಗಲಿಲ್ಲ.

ಬಂದರುಬೆಕ್ಕು

ಮೇಷ್ಟ್ರಿಗೆ ನಮಸ್ಕಾರ. ಆದರೆ ಅಲ್ಲಿ ಯಾರಿಗೂ ಈ ಕುದುರೆ, ಕೀರ್ತಿಗಳು ನೆನಪಿರುವುದಿಲ್ಲ. ಹೆಸರೆಂದರೆ ಒಬ್ಬ ಸಂತ, ಒಂದು ತಾರೀಕು, ಅಷ್ಟೇ. ದಿಮಿತ್ರಿಸ್‌ಗೆ ಅಕ್ಟೋಬರ್ 26, ನಿಕೋಸ್‌ಗೆ ಡಿಸೆಂಬರ್ 6, ಯಾನಿಸ್‌ಗೆ ಜನವರಿ 7, ಕೋಸ್ತಾಸ್ ಮತ್ತು ಎಲೇನಿ ಇಬ್ಬರಿಗೂ ಮೇ 21. ದೊಡ್ಡವರಲ್ಲಿ ಹುಟ್ಟಿದ ದಿನಕ್ಕಿಂತ ಇದರ ಸಂಭ್ರಮವೇ ಹೆಚ್ಚು. ಯೋರ್ಗೋಸ್‌ನ ಏಪ್ರಿಲ್ 23 ಈಸ್ಟರ್‌ಗೆ ಮೊದಲಿನ ಉಪವಾಸದಲ್ಲಿ ಬಿದ್ದರೆ ಹಬ್ಬ ಈಸ್ಟರ್ ಮರುದಿನದ ಸೋಮವಾರಕ್ಕೆ ಹೋಗುತ್ತದೆ. ಆ ದಿನ ಹೆಸರಿನವನೇ ಸಿಹಿ ಹಂಚಬೇಕು. ನೀವು ‘ಖ್ರೋನ್ಯಾ ಪೊಲ್ಲಾ’ ಎಂದರಾಯಿತು, ನೂರು ಕಾಲ ಬಾಳು ಎಂದ ಹಾಗೆ.

ಹೆಸರಿನಿಂದ ಊರನ್ನೂ ಊಹಿಸಬಹುದು. ಸ್ಪಿರೋಸ್ ಎಂದರೆ ಕೊರ್ಫು ಇರಬಹುದು, ಯೆರಾಸಿಮೋಸ್ ಎಂದರೆ ಕೆಫಲೋನಿಯಾ, ದಿಯೋನಿಸಿಸ್ ಎಂದರೆ ಜಾಕಿಂಥೋಸ್. ಆಯಾ ದ್ವೀಪದ ಸಂತನ ಹೆಸರು ಅದು. ದಿಯೋನಿಸಿಸ್‌ನ ಮೂಲ ಹುಡುಕಿದರೆ ದ್ರಾಕ್ಷಾರಸದ ದೇವರು ಸಿಗುತ್ತಾನೆ, ಆದರೆ ದೀಪ ಹಚ್ಚುವುದು ಬಿಷಪ್ ಆಗಿದ್ದ ಆ ಸಂತನಿಗೆ.

ಯಾನಿಸ್‌ಗಳ ಬಗ್ಗೆ ಗಾದೆಗಳೇ ಇವೆ. ‘ಯಾನಿಸ್ ಇಲ್ಲದ ಮನೆ ಏಳಿಗೆಯಾಗದು’ ಎಂದು ಒಂದು. ‘ನಲವತ್ತೈದು ಯಾನಿಸ್‌ಗಳಿಗೆ ಒಂದು ಹುಂಜದ ಬುದ್ಧಿ’ ಎಂದು ಇನ್ನೊಂದು. ನಿಮ್ಮ ಕಚೇರಿಯ ಮೂವರ ಎದುರು ಎರಡನೆಯದನ್ನು ಹೇಳಬೇಡಿ.

ಹಡಗುಕಡತ

ಎಲ್ಲರಿಗೂ ವಂದನೆ. ಕಾಲಂ ತೆರೆದಿದ್ದೇನೆ.

ಇವತ್ತು ಕನ್ನಡಕದ ದಿಮಿತ್ರಿಸ್ ಸಹಿ ಹಾಕಲು ಬಂದಿದ್ದ. ಮನೆಯಲ್ಲಿ ಅವನು ದಿಮಿತ್ರಿಸ್, ಆ ಇನ್ನೊಬ್ಬ ಮೀತ್ಸೋಸ್, ಗೊಂದಲವಿಲ್ಲವಂತೆ. ಡಿಮೀಟರ್ ದೇವತೆಯ ವಿಷಯ ಹೇಳಿದೆ. ‘ಯಾವ ದೇವತೆ? ಅದು ನಮ್ಮ ಅಜ್ಜನದು’ ಎಂದ. ಡಿಸೆಂಬರ್‌ನಲ್ಲಿ ಅವನ ಹೆಂಡತಿಗೆ ಚೊಚ್ಚಲ ಹೆರಿಗೆ. ಗಂಡಾದರೆ ನಿಕೋಲಾಓಸ್ ಎಂದು ನಾನೇ ಮುಂದಾಗಿ ಹೇಳಿದ್ದಕ್ಕೆ ಖುಷಿಪಟ್ಟ. ಹೆಣ್ಣಾದರೆ ಅವನ ತಾಯಿಯ ಹೆಸರು, ಸ್ತಾಮಾತಾ. ಆಕೆ ಐದನೆಯ ಹೆಣ್ಣಂತೆ. ಮೇಷ್ಟ್ರೇ, ಇಲ್ಲಿ ಬಸ್ಸಿನಲ್ಲಿ ಜನ ಚಾಲಕನಿಗೆ ‘ಸ್ತಾಮಾತಾ!’ ಎಂದು ಕೂಗುವುದನ್ನು ಕೇಳಿದ್ದೇನೆ. ಅದೂ ಇದೂ ಒಂದೇನಾ?

ಧಾತುಪಾಠ

ಒಂದೇ. ‘ನಿಲ್ಲಿಸು’ ಎಂದು. ಹೆಣ್ಣು ಸಾಕಪ್ಪಾ ಎಂದು ಆಕೆಯ ಅಪ್ಪ ದೇವರಿಗೆ ಕೊಟ್ಟ ಅರ್ಜಿ ಅದು. ನಮ್ಮ ಸಾಕಮ್ಮನ ಗ್ರೀಕ್ ತಂಗಿ.

ಹಡಗುಕಡತ

ಹಾಗಾದರೆ ಚೊಚ್ಚಲ ಮಗುವಿಗೇ ‘ನಿಲ್ಲಿಸು’ ಎಂದು ಹೆಸರು! ಅವನಿಗೆ ಫೋನ್ ಮಾಡಿ ಹೇಳಿದೆ. ‘ಗೊತ್ತು, ಆದರೆ ಅಮ್ಮನಿಗೆ ಯಾರು ಹೇಳುವವರು?’ ಎಂದ.