ಹೆಡ್ಡಿನೊಳಗೆ ಮುರಿದು ಉಳಿದ ಸೈಲೆನ್ಸರ್ ಸ್ಟಡ್: ಮನೆಯಲ್ಲಿಯೇ ತೆಗೆಯಬಹುದೇ?

ಹಳ್ಳದತೋಟ (ಪ್ರಶ್ನೆ):

ಅಡಿಕೆ ತೋಟಕ್ಕೆ ಹಳ್ಳದಿಂದ ನೀರೆತ್ತಲು ನಮ್ಮಲ್ಲಿ 5 ಎಚ್‌ಪಿಯ, ಒಂದೇ ಸಿಲಿಂಡರಿನ, ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವ ಹಳೆಯ ಡೀಸೆಲ್ ಇಂಜಿನ್ ಇದೆ. ಕರೆಂಟು ಕೈಕೊಟ್ಟ ದಿನಗಳಲ್ಲಿ ಮಾತ್ರ ಅದಕ್ಕೆ ಕೆಲಸ. ಮಳೆಗಾಲವಿಡೀ ಹಳ್ಳದ ಪಕ್ಕದ ತಗಡಿನ ಶೆಡ್ಡಿನಲ್ಲಿ ಸುಮ್ಮನೆ ನಿಂತಿರುತ್ತದೆ. ಈ ಬಾರಿ ಚಾಲೂ ಮಾಡಿದಾಗ ಹೆಡ್ಡಿಗೂ (ಸಿಲಿಂಡರಿನ ತುದಿಯನ್ನು ಮುಚ್ಚುವ ಭಾಗ) ಸೈಲೆನ್ಸರಿನ ಬೆಂಡಿಗೂ ನಡುವಿನ ಗ್ಯಾಸ್ಕೆಟ್ ಸುಟ್ಟುಹೋಗಿ ಹೊಗೆ ಪಕ್ಕದಿಂದ ಚಿಮ್ಮುತ್ತಿತ್ತು. ಅರ್ಧ ಗಂಟೆಯ ಕೆಲಸವೆಂದು ಭಾವಿಸಿ, 17ರ ಸ್ಪ್ಯಾನರಿಗೆ ಎರಡು ಅಡಿಯ ಪೈಪು ತೊಡಿಸಿ ಎಳೆದೆ. ಮೊದಲನೆಯ ನಟ್ಟು ಕಿರುಗುಟ್ಟುತ್ತ ಬಿಚ್ಚಿಕೊಂಡಿತು. ಎರಡನೆಯದು ಸಲೀಸಾಗಿ ತಿರುಗಿತು. ಸುಲಭವಾಯಿತೆಂದು ಸಂತೋಷಪಡುವಷ್ಟರಲ್ಲಿ ನಟ್ಟಿನೊಡನೆ ಸ್ಟಡ್ಡಿನ (ಹೆಡ್ಡಿನೊಳಗೆ ತಿರುಗಿಸಿ ಕೂರಿಸಿದ, ತಲೆಯಿಲ್ಲದ ಬೋಲ್ಟು) ಹೊರಭಾಗವೂ ಕೈಗೆ ಬಂತು.

ಸ್ಟಡ್ 10 ಮಿ.ಮೀ. ದಪ್ಪದ್ದು. ಹೆಡ್ಡಿನ ಮೇಲ್ಮೈಯಿಂದ ಸುಮಾರು 1 ಮಿ.ಮೀ. ಒಳಗೆ ಮುರಿದಿರುವುದರಿಂದ ಇಕ್ಕಳಕ್ಕೆ ಸಿಗುವುದಿಲ್ಲ. ಮೂರು ದಿನಗಳಿಂದ ಡೀಸೆಲ್ ಹಾಕಿ ನೆನೆಸಿದ್ದೇನೆ. ಅಂಗಡಿಯಿಂದ ಎಕ್ಸ್‌ಟ್ರಾಕ್ಟರ್ ಸೆಟ್ (ಮುರಿದ ಸ್ಟಡ್ಡಿನಲ್ಲಿ ಕೊರೆದ ರಂಧ್ರಕ್ಕೆ ಕಚ್ಚಿಸಿ ತಿರುಗಿಸಿ ತೆಗೆಯುವ ಸಾಧನ) ತಂದಿದ್ದೇನೆ, ಇನ್ನೂ ಬಳಸಿಲ್ಲ. ಕೈಯಲ್ಲಿ ಹಿಡಿಯುವ ಡ್ರಿಲ್ಲಿಂಗ್ ಮೆಷಿನ್ ಇದೆ, ಗೇಟು ಬೆಸೆಯುವಷ್ಟು ವೆಲ್ಡಿಂಗ್ ಬರುತ್ತದೆ. ಹೆಡ್ ಬಿಚ್ಚದೆ ಇದನ್ನು ತೆಗೆಯುವ ಮಾರ್ಗವಿದೆಯೇ? ತೋಟಕ್ಕೆ ಇನ್ನು ಒಂದು ವಾರ ನೀರಿಲ್ಲದಿದ್ದರೂ ನಡೆಯುತ್ತದೆ.

ಹಳೆಯ ಟರ್ನರ್:

ಹಳ್ಳದತೋಟದವರೇ, ಆ ಎಕ್ಸ್‌ಟ್ರಾಕ್ಟರ್ ಸೆಟ್ಟನ್ನು ಮೊದಲು ಡಬ್ಬದೊಳಗೆ ಹಾಕಿ ಮುಚ್ಚಿಡಿ. ಎರಡು ಅಡಿ ಪೈಪಿನ ಬಲಕ್ಕೂ ಜಗ್ಗದೆ ದಪ್ಪನೆಯ ಸ್ಟಡ್ಡೇ ಮುರಿದಿರುವಾಗ, ಅದರ ನಡುವೆ ಕೊರೆದ ರಂಧ್ರದಲ್ಲಿ ಕೂರುವ ತೆಳ್ಳಗಿನ ಎಕ್ಸ್‌ಟ್ರಾಕ್ಟರ್ ಅದನ್ನು ತಿರುಗಿಸೀತೆಂದು ನಂಬಲು ಕಾರಣವಿಲ್ಲ. ಅದು ಗಟ್ಟಿ ಉಕ್ಕಿನದು, ಬಾಗದೆ ಗಾಜಿನಂತೆ ತುಂಡಾಗುತ್ತದೆ. ಒಳಗೆ ತುಂಡಾದರೆ ಸಾಧಾರಣ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆಯೇ ಹೊರತು ಕೊರೆಯುವುದಿಲ್ಲ. ಆಮೇಲೆ ಕಾರ್ಬೈಡ್ ಬಿಟ್ ಅಥವಾ ಸ್ಪಾರ್ಕ್ ಇರೋಷನ್ ಯಂತ್ರವಿರುವ (ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಯಂತ್ರ) ಕಾರ್ಖಾನೆಯನ್ನು ಹುಡುಕಬೇಕು. ನಾನು ಲೇತ್ ನಡೆಸುತ್ತಿದ್ದ ಕಾಲದಲ್ಲಿ ಮುರಿದ ಸ್ಟಡ್ಡಿಗಿಂತ, ಅದರೊಳಗೆ ಮುರಿದ ಎಕ್ಸ್‌ಟ್ರಾಕ್ಟರೇ ಹೆಚ್ಚು ಸಲ ನನ್ನ ಮೇಜಿಗೆ ಬರುತ್ತಿತ್ತು.

ಬರೀ ಡೀಸೆಲ್ ಹಾಕಿ ನೆನೆಸಿದರೆ ಸಾಲದು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುವುದರಿಂದ, ಥ್ರೆಡ್ಡಿನ ಸಂದಿಯಲ್ಲಿ ಅದು ಬೆಣೆ ಹೊಡೆದಂತೆ ಬಿಗಿದುಕೊಂಡಿರುತ್ತದೆ. ಆ ಬಿಗಿಯನ್ನು ಒಡೆಯಲು ಶಾಖ ಮತ್ತು ಪೆಟ್ಟು ಎರಡೂ ಬೇಕು. ಸೆಂಟರ್ ಪಂಚನ್ನು ಸ್ಟಡ್ಡಿನ ನಟ್ಟನಡುವೆ ಇಟ್ಟು ನಾಲ್ಕಾರು ಗಟ್ಟಿ ಪೆಟ್ಟು ಕೊಡಿ. ಹೇಗಿದ್ದರೂ ಮುಂದೆ ಕೊರೆಯಬೇಕಾಗಿ ಬಂದರೆ ಆ ಗುಳಿಯೇ ದಾರಿ ತೋರಿಸುತ್ತದೆ.

ನನ್ನನ್ನು ಕೇಳಿದರೆ ಹೆಡ್ ಬಿಚ್ಚಿ ಲೇತಿಗೆ ಕೊಂಡೊಯ್ಯುವುದೇ ಸರಿ. ಅಲ್ಲಿ ಹೆಡ್ಡನ್ನು ಮಟ್ಟವಾಗಿ ಕಟ್ಟಿ, ನೆಟ್ಟಗೆ ಇಳಿಯುವ ಡ್ರಿಲ್ಲಿನಿಂದ ಕೊರೆದರೆ ಅರ್ಧ ದಿನದ ಕೆಲಸ.

ಬೆಸುಗೆಗಾರ:

ಟರ್ನರ್ ಅವರು ಎಕ್ಸ್‌ಟ್ರಾಕ್ಟರಿನ ಬಗ್ಗೆ ಹೇಳಿದ್ದು ಅಕ್ಷರಶಃ ನಿಜ. ಆದರೆ ಹೆಡ್ ಬಿಚ್ಚಿದರೆ ಹೊಸ ಹೆಡ್ ಗ್ಯಾಸ್ಕೆಟ್ ಹಾಕಬೇಕು, ನಟ್ಟುಗಳನ್ನು ಕ್ರಮವಾಗಿ ಅಳತೆಯ ಬಿಗಿಗೆ ತರಬೇಕು, ಟ್ಯಾಪೆಟ್ (ವಾಲ್ವಿನ ಸಂದಿ) ಮತ್ತೆ ಹೊಂದಿಸಬೇಕು. ಅಷ್ಟು ದೂರ ಹೋಗುವ ಮೊದಲು ನಟ್ಟು ಬೆಸೆದು ತಿರುಗಿಸುವ ಉಪಾಯವನ್ನು ಪ್ರಯತ್ನಿಸುವುದು ಒಳ್ಳೆಯದು. ನಿಮ್ಮ ಹೆಡ್ ಬೀಡು ಕಬ್ಬಿಣದ್ದು, ಸ್ಟಡ್ ಉಕ್ಕಿನದು. ಬೆಸುಗೆ ಉಕ್ಕನ್ನು ಹಿಡಿದಷ್ಟು ಗಟ್ಟಿಯಾಗಿ ಬೀಡನ್ನು ಹಿಡಿಯುವುದಿಲ್ಲವೆಂಬುದು ಇಲ್ಲಿ ನಮಗೆ ಅನುಕೂಲವೇ.

ಮೊದಲು ಡೀಸೆಲ್ಲನ್ನು ಚೆನ್ನಾಗಿ ಒರೆಸಿ ತೆಗೆಯಿರಿ, ಟ್ಯಾಂಕನ್ನು ಕಳಚಿ ದೂರವಿಡಿ. ಸ್ವಚ್ಛಗೊಳಿಸಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರನ್ನು ಮಾತ್ರ ಖಂಡಿತ ಬಳಸಬೇಡಿ, ವೆಲ್ಡಿಂಗಿನ ಶಾಖಕ್ಕೆ ಅದರಿಂದ ವಿಷಾನಿಲ ಹುಟ್ಟುತ್ತದೆ. ಫ್ಲೈವೀಲ್ ತಿರುಗಿಸಿ ಎಕ್ಸಾಸ್ಟ್ ವಾಲ್ವ್ ಮುಚ್ಚಿರುವ ಸ್ಥಿತಿಗೆ ತಂದು, ಹೊಗೆಯ ಕಿಂಡಿಗೆ ಒಂದು ತಗಡಿನ ತುಂಡನ್ನು ಮುಚ್ಚಳವಾಗಿ ಇಡಿ. ಅರ್ತ್ ಕ್ಲಾಂಪನ್ನು ಹೆಡ್ಡಿಗೇ, ಸ್ಟಡ್ಡಿಗೆ ಆದಷ್ಟು ಹತ್ತಿರ ಹಾಕಬೇಕು. ಫ್ಲೈವೀಲಿಗೋ ಶಾಫ್ಟಿಗೋ ಹಾಕಿದರೆ ಕರೆಂಟು ಬೇರಿಂಗಿನ ಮೂಲಕ ಹರಿದು ಅದರ ಮೈಯಲ್ಲಿ ಚುಕ್ಕಿಚುಕ್ಕಿ ಗುಳಿ ಬೀಳುತ್ತದೆ.

ಸ್ಟಡ್ 1 ಮಿ.ಮೀ. ಒಳಗಿರುವುದರಿಂದ ನೇರವಾಗಿ ನಟ್ಟು ಇಡುವಂತಿಲ್ಲ. 2.5 ಮಿ.ಮೀ. ರಾಡಿನಿಂದ ನಡುವೆ ಮಾತ್ರ ಚುಟುಕಾಗಿ ಬೆಸುಗೆ ಇಟ್ಟು, ಸ್ಲಾಗ್ (ಬೆಸುಗೆಯ ಮೇಲೆ ಕೂರುವ ಕಿಟ್ಟ) ಕುಟ್ಟಿ, ಮತ್ತೆ ಇಟ್ಟು, ಹೆಡ್ಡಿನ ಮೈಗಿಂತ 2 ಮಿ.ಮೀ. ಮೇಲೆ ಬರುವಂತೆ ಗುಬ್ಬಿ ಕಟ್ಟಿ. ಅದರ ಮೇಲೆ 10ರ ನಟ್ಟಿನ ಬದಲು 12ರ ನಟ್ಟು ಇಡಿ, ರಾಡ್ ಒಳಗಿಳಿಯಲು ಜಾಗ ಸಿಗುತ್ತದೆ. ಸತುವಿನ ಲೇಪವಿರುವ ಹೊಳೆಯುವ ನಟ್ಟು ಬೇಡ. ಅದರ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ನಟ್ಟಿನೊಳಗೆ ತಳದಿಂದ ತುಂಬಿಸುತ್ತ ಬನ್ನಿ.

ಇದರ ಗುಟ್ಟಿರುವುದು ನಟ್ಟಿನಲ್ಲಿ ಅಲ್ಲ, ಶಾಖದಲ್ಲಿ. ಕೆಂಪಗೆ ಕಾದ ಸ್ಟಡ್ ಹಿಗ್ಗಲು ಹೋಗುತ್ತದೆ, ಸುತ್ತಲಿನ ತಣ್ಣಗಿನ ಬೀಡು ಬಿಡುವುದಿಲ್ಲ; ಹಾಗೆ ಒತ್ತಿಸಿಕೊಂಡ ಸ್ಟಡ್ ಆರಿದಾಗ ಮೊದಲಿಗಿಂತ ಕೊಂಚ ಸಣ್ಣದಾಗಿ ತುಕ್ಕಿನ ಹಿಡಿತದಿಂದ ಕಳಚಿಕೊಳ್ಳುತ್ತದೆ. ಆದ್ದರಿಂದ ಬೆಸೆದ ತಕ್ಷಣ ತಿರುಗಿಸಬೇಡಿ, ನೀರನ್ನಂತೂ ಸುರಿಯಲೇಬೇಡಿ, ಬೀಡು ಬಿರುಕು ಬಿಟ್ಟೀತು. ಕೆಂಪು ಆರಿ ಕಪ್ಪಾದ ಮೇಲೆ, ಇನ್ನೂ ಬಿಸಿಯಿರುವಾಗಲೇ ಮೇಣದ ಬತ್ತಿಯ ತುಂಡನ್ನು ಅಂಚಿಗೆ ತಾಗಿಸಿ ಕರಗಿಸಿ. ಬಳಿಕ ಮೊದಲು ಬಿಗಿಯುವ ದಿಕ್ಕಿಗೆ, ಆಮೇಲೆ ಬಿಚ್ಚುವ ದಿಕ್ಕಿಗೆ, ಕೂದಲೆಳೆಯಷ್ಟು ಅತ್ತಿತ್ತ ಆಡಿಸಿ. ನಟ್ಟು ಕಿತ್ತುಬಂದರೆ ನಿರಾಶೆ ಬೇಡ, ಇನ್ನೊಂದು ಬೆಸೆಯಿರಿ. ಪ್ರತಿ ಸಲವೂ ಶಾಖ ತನ್ನ ಕೆಲಸ ಮಾಡುತ್ತಿರುತ್ತದೆ.

ಹಳೆಯ ಟರ್ನರ್:

ಒಪ್ಪಿದೆ, ವೆಲ್ಡಿಂಗ್ ಪ್ರಯತ್ನಿಸಲಿ. ಅದು ಕೈಗೂಡದೆ ಹೆಡ್ ಬಿಚ್ಚದೆಯೇ ಕೊರೆಯುವ ಹಟವಿದ್ದರೆ ಒಂದು ಮಾತು: ಕೈಯ ಅಂದಾಜಿನಲ್ಲಿ ಕೊರೆಯಬೇಡಿ. ಮೆತ್ತಗಿನ ಬೀಡಿನ ಕಡೆಗೇ ಬಿಟ್ ಜಾರುತ್ತದೆ, ರಂಧ್ರ ಓರೆಯಾಗುತ್ತದೆ. ಹತ್ತಿರದ ಲೇತಿನಲ್ಲಿ ಒಂದು ಬುಷ್ (ಬಿಟ್ಟಿಗೆ ದಾರಿ ತೋರುವ ಪುಟ್ಟ ಕೊಳವೆ) ಮಾಡಿಸಿ. ಅದರ ಹೊರ ಅಳತೆ ಸೈಲೆನ್ಸರ್ ಫ್ಲೇಂಜಿನ (ಬೆಂಡಿನ ತುದಿಯ ಚಪ್ಪಟೆ ಅಂಚು) ರಂಧ್ರಕ್ಕೆ ಸರಿಯಾಗಿ ಕೂರುವಂತಿರಲಿ, ಒಳ ಅಳತೆ 4 ಮಿ.ಮೀ. ಇರಲಿ. ಉಳಿದಿರುವ ಸ್ಟಡ್ಡಿಗೆ ಫ್ಲೇಂಜನ್ನು ಬಿಗಿದು, ಬುಷ್ಷಿನ ಮೂಲಕ 4ರ ಬಿಟ್ ಇಳಿಸಿದರೆ ರಂಧ್ರ ನಡುವಿಗೇ ಬೀಳುತ್ತದೆ. ಆಮೇಲೆ 6, 7, ಕೊನೆಗೆ 8 ಮಿ.ಮೀ.; ನಿಧಾನ ವೇಗ, ಬಿಟ್ಟಿಗೆ ಎಣ್ಣೆ. 8ಕ್ಕೆ ಬರುವಾಗ ಥ್ರೆಡ್ ತೆಳ್ಳನೆಯ ಸ್ಪ್ರಿಂಗಿನಂತೆ ಮಾತ್ರ ಉಳಿದಿರುತ್ತದೆ, ಮೊನಚು ಉಳಿಯಿಂದ ಒಳಕ್ಕೆ ಮಡಿಸಿ ಎಳೆಯಬಹುದು. ಬಳಿಕ 10×1.5ರ ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಕೊರೆಯುವ ಸಾಧನ) ಹಾಕಿ ಥ್ರೆಡ್ ತೊಳೆಯಿರಿ. ಈ ಟ್ಯಾಪಿಗೆ ಹೊಸದಾಗಿ ಕೊರೆಯುವ ಅಳತೆ 8.5 ಮಿ.ಮೀ., ಅದಕ್ಕಿಂತ ದೊಡ್ಡ ಬಿಟ್ ಒಳಗೆ ಹೋದರೆ ಹೆಡ್ಡಿನ ಥ್ರೆಡ್ಡೇ ಹೋಗುತ್ತದೆ. ಹಾಗೇನಾದರೂ ಆದರೆ ಹೆಲಿಕಾಯಿಲ್ (ಕೆಟ್ಟ ಥ್ರೆಡ್ಡಿನ ಜಾಗದಲ್ಲಿ ಕೂರಿಸುವ ತಂತಿಯ ಸುರುಳಿ) ಇದೆ, ಆದರೆ ಅದನ್ನು ಲೇತಿನವರಿಗೇ ಬಿಡಿ.

ಹಳ್ಳದತೋಟ:

ಇಬ್ಬರಿಗೂ ವಂದನೆಗಳು. ನಿನ್ನೆ ಬೆಳಗ್ಗೆ ಕೂತೆ. ಮೊದಲ ನಟ್ಟು ಸ್ಪ್ಯಾನರ್ ತಾಗುತ್ತಲೇ ಕಿತ್ತುಬಂತು. ನೋಡಿದರೆ ಒಳಗೆ ಬರೀ ಸ್ಲಾಗ್ ತುಂಬಿತ್ತು, ತಪ್ಪು ನನ್ನದೇ. ಎರಡನೆಯದು ಕಾಲು ಸುತ್ತು ಬಂದಂತೆ ಕಂಡು ಮುರಿಯಿತು. ಅಷ್ಟರಲ್ಲಿ ಬುಷ್ಷಿಗೆಂದು ಫ್ಲೇಂಜಿನ ಅಳತೆಯನ್ನೂ ಬರೆದಿಟ್ಟುಕೊಂಡಿದ್ದೆ. ಮೂರನೆಯ ನಟ್ಟಿಗೆ ಮೇಣ ಕರಗಿಸಿ, ಒಂದು ಲೋಟ ಚಹಾ ಮುಗಿಯುವವರೆಗೆ ಕಾದು, ಪೈಪು ತೊಡಿಸದೆ ಬರಿಯ ಸ್ಪ್ಯಾನರಿನಿಂದ ಅತ್ತಿತ್ತ ಆಡಿಸುತ್ತ ಹೋದೆ. ಹತ್ತು ನಿಮಿಷಗಳ ಬಳಿಕ ಕೆಂಪು ಪುಡಿ ಉದುರಿಸುತ್ತ ಸ್ಟಡ್ ಪೂರ್ತಿಯಾಗಿ ಹೊರಬಂತು. ರಂಧ್ರದಿಂದ ನೀರು ಜಿನುಗಲಿಲ್ಲವಾದ್ದರಿಂದ ಅದು ವಾಟರ್ ಜಾಕೆಟ್ಟಿಗೆ (ಹೆಡ್ಡಿನೊಳಗೆ ತಂಪಿನ ನೀರು ಹರಿಯುವ ಜಾಗ) ತೂತಾಗಿಲ್ಲವೆಂದು ತಿಳಿದಿದ್ದೇನೆ. ಟ್ಯಾಪ್ ಹಾಕಿ ತೊಳೆದೆ, ಥ್ರೆಡ್ ಚೆನ್ನಾಗಿದೆ.

ಇನ್ನೆರಡು ಸಂಶಯಗಳು. ಹೊಸ ಸ್ಟಡ್ಡಿಗೆ ಥ್ರೆಡ್ ಲಾಕರ್ (ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಬೇಕೇ? ಉಳಿದಿರುವ ಹಳೆಯ ಸ್ಟಡ್ಡನ್ನೂ ಇದೇ ನೆಪದಲ್ಲಿ ಬದಲಿಸಲೇ?

ಹಳೆಯ ಟರ್ನರ್:

ಸಾಧಾರಣ ಲಾಕರ್ ಸೈಲೆನ್ಸರಿನ ಶಾಖಕ್ಕೆ ಉಳಿಯುವುದಿಲ್ಲ, 150 ಡಿಗ್ರಿಯ ಆಸುಪಾಸಿನಲ್ಲೇ ಅದರ ಹಿಡಿತ ಸಡಿಲವಾಗುತ್ತದೆ. ಸ್ಟಡ್ಡಿನ ಎರಡೂ ತುದಿಗೆ ಶಾಖ ತಡೆಯುವ ಆ್ಯಂಟಿಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಲೇಪ) ಹಚ್ಚಿ, ಹೆಡ್ಡಿನೊಳಕ್ಕೆ ಕೈಯಿಂದಲೇ ತಳದವರೆಗೆ ತಿರುಗಿಸಿ. ಹೊರಗೆ ಹಿತ್ತಾಳೆಯ ನಟ್ಟು ಹಾಕಿದರೆ ಮುಂದಿನ ಸಲ ಕೆಡುವುದು ನಟ್ಟೇ ಹೊರತು ಸ್ಟಡ್ ಅಲ್ಲ. ಹಳೆಯ ಸ್ಟಡ್ಡಿನ ಥ್ರೆಡ್ಡನ್ನು ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿ, ಸೊಂಟ ಸವೆಯದೆ ಇದ್ದರೆ ಮುಟ್ಟಬೇಡಿ.