ಹದಿನೇಳರ ಹುಡುಗಿಗೆ ತಿಂಗಳು ತಪ್ಪಿದೆ: ತಿಳಿದವರು ದಾರಿ ಹೇಳಿ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ಹಳ್ಳಿ ನಮ್ಮದು. ಅಕ್ಕನ ಮಗಳಿಗೆ 17 ವರ್ಷ, ಪಿಯುಸಿ ಓದ್ತಿದ್ದಾಳೆ. ಎರಡು ತಿಂಗಳಿಂದ ಮುಟ್ಟಾಗಿಲ್ಲ ಅಂತ ನನ್ನ ಹತ್ರ ಮಾತ್ರ ಹೇಳಿದ್ದಾಳೆ. ಮನೇಲಿ ಗೊತ್ತಾದ್ರೆ ಮದುವೆ ಮಾಡಿ ಮುಗಿಸ್ತಾರೆ ಅನ್ನೋ ಭಯ ಅವಳಿಗೆ. ಆಸ್ಪತ್ರೆಗೆ ಹೋದ್ರೆ ಪೊಲೀಸ್ ಬರ್ತಾರೆ ಅಂತಾರೆ. ಮೊದಲು ಏನು ಮಾಡಬೇಕು?

ಆಶಾ ಕಾರ್ಯಕರ್ತೆ, ಹೊಸನಗರ:
ಅಕ್ಕಾ, ಮೊದಲು ಹೌದೋ ಅಲ್ಲವೋ ಖಾತ್ರಿ ಮಾಡ್ಕೊಳ್ಳಿ. ಈ ವಯಸ್ಸಲ್ಲಿ ಮುಟ್ಟು ಏರುಪೇರಾಗೋದು ಸಾಮಾನ್ಯ. ಮೆಡಿಕಲ್‌ನಲ್ಲಿ ಸಿಗೋ ಕಿಟ್ ಸಾಕು, ಆಶಾ ಹತ್ರ ಉಚಿತವಾಗೂ ಸಿಗುತ್ತೆ. ಬೆಳಿಗ್ಗೆ ಎದ್ದ ಕೂಡಲೇ ಹೋಗೋ ಮೂತ್ರ ಹಿಡಿದು, ಕಿಟ್ ಜೊತೆ ಬರೋ ಚೀಟಿಯಲ್ಲಿ ಹೇಳಿದಷ್ಟು ಹನಿ ಹಾಕಿ. 5 ನಿಮಿಷದಲ್ಲಿ ನೋಡಿ. ಅರ್ಧ ಗಂಟೆ ಬಿಟ್ಟು ಮೂಡೋ ಗೆರೆ ಲೆಕ್ಕಕ್ಕಿಲ್ಲ. ಎರಡನೇ ಗೆರೆ ತಿಳಿಯಾಗಿದ್ದರೂ ಗರ್ಭ ಅಂತಲೇ ತಿಳ್ಕೊಳ್ಳಿ. ಒಂದೇ ಗೆರೆ ಬಂದು ಮುಟ್ಟೂ ಆಗದಿದ್ರೆ ವಾರ ಬಿಟ್ಟು ಮತ್ತೆ ಮಾಡಿ.

ಕೊನೇ ಮುಟ್ಟು ಶುರುವಾದ ತಾರೀಖನ್ನು ಅವಳಿಂದ ಕೇಳಿ ಬರೆದಿಡಿ. ಹಬ್ಬ, ಪರೀಕ್ಷೆ, ಜಾತ್ರೆ ನೆನಪಿಸಿದ್ರೆ ಹೊಳೆಯುತ್ತೆ. ವಾರದ ಲೆಕ್ಕ ಆ ದಿನದಿಂದಲೇ, ಸೇರಿದ ದಿನದಿಂದ ಅಲ್ಲ. ಎಷ್ಟೋ ಮನೆಯವರು ಇಲ್ಲೇ ಎರಡು ವಾರ ಕಮ್ಮಿ ಎಣಿಸಿರ್ತಾರೆ. ಮುಂದಿನ ಎಲ್ಲಾ ದಾರಿ ನಿಂತಿರೋದು ಈ ಲೆಕ್ಕದ ಮೇಲೆ.

ವಕೀಲೆ, ಶಿವಮೊಗ್ಗ:
ಪೊಲೀಸ್ ಭಯದ ಬಗ್ಗೆ ನೇರವಾಗಿ ಹೇಳ್ತೀನಿ, ಯಾಕಂದ್ರೆ ಈ ಭಯದಲ್ಲೇ ವಾರಗಳು ಕಳೆದುಹೋಗ್ತವೆ. 18 ತುಂಬದವರ ವಿಷಯದಲ್ಲಿ 2012ರ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ) ಕಾಯ್ದೆ ಅನ್ವಯ. 'ಅವಳೇ ಒಪ್ಪಿದ್ಲು' ಅನ್ನೋ ಮಾತು ಅಲ್ಲಿ ನಡೆಯಲ್ಲ. 19ನೇ ಕಲಂ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ತಿಳಿಸಬೇಕು. ವೈದ್ಯರಷ್ಟೇ ಅಲ್ಲ, ನಿಮಗೂ ಆ ಹೊಣೆ ಇದೆ. ಆದರೆ ಕೇಸು ಹುಡುಗಿ ಮೇಲೆ ಆಗಲ್ಲ. ಅವಳ ಹೇಳಿಕೆಯನ್ನು ಮನೇಲೋ ಅವಳು ಹೇಳಿದ ಜಾಗದಲ್ಲೋ ತಗೊಳ್ಳಬೇಕು, ಸಾಧ್ಯವಾದಷ್ಟೂ ಮಹಿಳಾ ಎಸ್‌ಐ ಬರಬೇಕು, ಸಮವಸ್ತ್ರದಲ್ಲಿ ಬರಬಾರದು. ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹೆಸರು, ಫೋಟೋ, ಶಾಲೆ ಯಾವುದೂ ಪತ್ರಿಕೆಗೆ ಬರಬಾರದು. ಹುಡುಗನಿಗೂ 18 ಆಗಿಲ್ಲ ಅಂದ್ರೆ ಅವನ ವಿಚಾರ ಬಾಲ ನ್ಯಾಯ ಮಂಡಳಿಗೆ ಹೋಗುತ್ತೆ.

ಗರ್ಭ ಬೇಡ ಅಂತಾದ್ರೆ: ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಕ್ಕೆ ಇಬ್ಬರು ಬೇಕು. ಅಪ್ರಾಪ್ತೆಯರಿಗೆ ಈ ಅವಕಾಶ ಇದೆ. 24 ದಾಟಿದ್ರೆ ಬಹುತೇಕ ಹೈಕೋರ್ಟಿಗೇ ಹೋಗಬೇಕು. 18ರ ಒಳಗಿನವಳಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಜೊತೆಗೆ ಅವಳನ್ನೇ ಬೇರೆ ಕೂರಿಸಿ ಕೇಳಬೇಕು. ಅವಳ ಮನಸ್ಸಿಗೆ ವಿರುದ್ಧ ಎಳೆದೊಯ್ಯೋದು ತಪ್ಪು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿರೋದು: ಒಪ್ಪಿಗೆಯ ಸಂಬಂಧದಿಂದ ಬಸಿರಾದ ಅಪ್ರಾಪ್ತೆ ಮತ್ತು ಪೋಷಕರು ಕೇಳಿಕೊಂಡರೆ, ವೈದ್ಯರು ಪೊಲೀಸರಿಗೆ ಮಾಹಿತಿ ಕೊಡುವಾಗ ಅವಳ ಹೆಸರು, ಗುರುತು ಕೊಡಬೇಕಾಗಿಲ್ಲ. ಇದನ್ನು ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಿ.

ಮದುವೆ ಮಾಡಿಸಿದ್ರೆ ಸರಿಹೋಗುತ್ತೆ ಅನ್ನೋರಿಗೆ: ಕರ್ನಾಟಕದಲ್ಲಿ 2016ರ ತಿದ್ದುಪಡಿಯಿಂದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ತಾಳಿ ಕಟ್ಟಿದ್ರೂ ಪೋಕ್ಸೋ ಹೋಗಲ್ಲ. ಮದುವೆ ಮಾಡಿಸಿದ ತಂದೆತಾಯಿ, ಪುರೋಹಿತರ ಮೇಲೆ ಇನ್ನೊಂದು ಕೇಸು ಸೇರುತ್ತೆ, ಅಷ್ಟೇ.

ಇನ್ನೊಂದು ಮುಖ್ಯ ಮಾತು. ಹುಡುಗ ಯಾರು ಅಂತ ಗದರಿಸದೆ ಕೇಳಿ. ಬಲವಂತ ಆಗಿದ್ದರೆ, ಅದರಲ್ಲೂ ಮನೆಯವರೋ ನೆಂಟರೋ ಆಗಿದ್ದರೆ, ಮನೆಗೆ ಮೊದಲು ಹೇಳಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಅವರು ಮಕ್ಕಳ ಕಲ್ಯಾಣ ಸಮಿತಿಗೆ ತಲುಪಿಸ್ತಾರೆ. ಉಚಿತ ವಕೀಲರಿಗೆ 15100.

ಫಾರ್ಮಸಿಸ್ಟ್, ಸಾಗರ:
ಗರ್ಭ ಇಳಿಸೋಕೆ ಕೌಂಟರಿನಲ್ಲಿ 'ಆ ಮಾತ್ರೆ ಕೊಡಿ' ಅಂತ ಬರ್ತಾರೆ. ಚೀಟಿ ಇಲ್ಲದೆ ಕೊಡೋದು ಕಾನೂನುಬಾಹಿರ, ಅದಕ್ಕಿಂತ ದೊಡ್ಡದು ಅಪಾಯ. ಆ ಮಾತ್ರೆ 9 ವಾರದ ಒಳಗಿನ, ಗರ್ಭಕೋಶದ ಒಳಗೇ ಇರೋ ಗರ್ಭಕ್ಕೆ. ಗರ್ಭ ಅಂಡನಾಳದಲ್ಲಿ ಕೂತಿದ್ರೆ ಮಾತ್ರೆಯಿಂದ ಹೋಗಲ್ಲ, ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬುತ್ತೆ. 9 ವಾರ ಮೀರಿದ್ರೆ ಅರ್ಧ ಉಳಿದು ಸೋಂಕಾಗಬಹುದು. ಸ್ಕ್ಯಾನಿಂಗ್ ಮೊದಲು ಬೇಕು ಅನ್ನೋದು ಇದಕ್ಕೇ. ಈಗಾಗಲೇ ನುಂಗಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆಯೋದು ಎರಡು ಗಂಟೆ ಮುಂದುವರಿದ್ರೆ, ಅಥವಾ ತಲೆಸುತ್ತು, ಜ್ವರ, ಒಂದೇ ಕಡೆ ವಿಪರೀತ ನೋವು ಬಂದ್ರೆ 108.

ಸ್ಟಾಫ್ ನರ್ಸ್, ತೀರ್ಥಹಳ್ಳಿ ಕಡೆ:
ಊರಿನ ಪರಿಚಯದವರ ಕಣ್ಣಿಗೆ ಬೀಳೋ ಭಯ ಇದ್ರೆ ನೇರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ. ತೀರ್ಥಹಳ್ಳಿಯಿಂದ ಸುಮಾರು 60 ಕಿ.ಮೀ. ಹುಡುಗಿಯ ಆಧಾರ್, ಅಂಕಪಟ್ಟಿ ಇಟ್ಕೊಳ್ಳಿ. ಪೊಲೀಸ್ ಪ್ರಕರಣ ಇದ್ದು ಗರ್ಭ ತೆಗೆಸೋದಾದ್ರೆ ಡಿಎನ್‌ಎ ಪರೀಕ್ಷೆಗೆ ಮಾದರಿ ಕಾದಿಡಬೇಕು, ವೈದ್ಯರಿಗೆ ಮೊದಲೇ ಹೇಳಿ.

ಗರ್ಭ ಮುಂದುವರಿಸೋದಾದ್ರೆ ತಾಯಿ ಕಾರ್ಡ್ ಮಾಡಿಸೋಕೆ ನಾಚಿಕೆಪಡಬೇಡಿ, ಮದುವೆಯಾಗದವಳಿಗೂ ಆರೈಕೆ ಸಿಗಲೇಬೇಕು. 18ರ ಒಳಗಿನ ದೇಹ ಇನ್ನೂ ಬೆಳೀತಾ ಇರುತ್ತೆ. ಮಗುವಿಗೂ ಅವಳಿಗೂ ಒಂದೇ ತಟ್ಟೆಯಿಂದ ಪಾಲು ಹೋಗಬೇಕು. ನಮ್ಮ ಕಡೆ ರಕ್ತಹೀನತೆಯೇ ದೊಡ್ಡ ತೊಂದರೆ. ಹಿಮೋಗ್ಲೋಬಿನ್ 11 ಇರಬೇಕು. 7ಕ್ಕಿಂತ ಕೆಳಗೆ ಇದ್ರೆ ಆಸ್ಪತ್ರೆಗೆ ಸೇರಿಸ್ತಾರೆ. ತೋಟದ ಹಸಿ ಮಣ್ಣಲ್ಲಿ ಬರಿಗಾಲಲ್ಲಿ ಓಡಾಡಿದ್ರೆ ಕೊಕ್ಕೆಹುಳು ರಕ್ತ ಹೀರುತ್ತೆ. ಅದಕ್ಕೆ ಮೂರು ತಿಂಗಳು ಕಳೆದ ಮೇಲೆ ಅಲ್ಬೆಂಡಜೋಲ್ 400 ಮಿ.ಗ್ರಾಂ ಒಂದೇ ಸಲ, ವೈದ್ಯರು ಹೇಳಿದ ಮೇಲೆ. ಮೊದಲ ಮೂರು ತಿಂಗಳು ಫೋಲಿಕ್ ಆಸಿಡ್, ಆಮೇಲೆ ಕೆಂಪು ಕಬ್ಬಿಣದ ಮಾತ್ರೆ ದಿನಕ್ಕೊಂದು, 180 ದಿನ. ಕಾಫಿ, ಚಹಾ ಜೊತೆ ನುಂಗಿದ್ರೆ ದಂಡ. ಒಂದು ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಜೊತೆಗೆ ನುಂಗಬಾರದು. ಹೊಟ್ಟೆ ತೊಳಸಿದ್ರೆ ರಾತ್ರಿ ಊಟದ ಮೇಲೆ ನಿಂಬೆ ಪಾನಕದಲ್ಲಿ ನುಂಗಲಿ. ಮಲ ಕಪ್ಪಾಗೋದು ಸಹಜ, ಅದಕ್ಕೆ ಹೆದರಿ ಬಿಡೋರೇ ಜಾಸ್ತಿ. ನುಗ್ಗೆ ಸೊಪ್ಪು, ಹರಿವೆ, ಹುರುಳಿ, ಮೊಟ್ಟೆ, ಮೀನು ಕೊಡಿ.

ಬಿಪಿ ಪ್ರತಿ ಭೇಟಿಯಲ್ಲೂ ನೋಡಿಸಿ. ಐದು ತಿಂಗಳ ನಂತರ 140/90 ಮುಟ್ಟಿದ್ರೆ, ತಲೆ ಸಿಡಿತ, ಕಣ್ಣು ಮಂಜು, ಮುಖ ಊತ ಇದ್ರೆ ಅದೇ ದಿನ ಆಸ್ಪತ್ರೆಗೆ. ಬಿಪಿ ಏರಿ ಬರೋ ಫಿಟ್ಸ್ ಈ ವಯಸ್ಸಿನವರಲ್ಲಿ ಹೆಚ್ಚು. ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ವಿಶೇಷ ತಪಾಸಣೆ ಇರುತ್ತೆ. ದರಗು (ಒಣ ಎಲೆ) ತರೋಕೆ ಕಾಡಿಗೆ ಕಳಿಸಬೇಡಿ, ಉಣ್ಣೆಯಿಂದ ಹರಡೋ ಮಂಗನ ಕಾಯಿಲೆ ದಿನಗಳಲ್ಲಂತೂ ಖಂಡಿತ ಬೇಡ. ಹೆರಿಗೆ ಮಳೆಗಾಲಕ್ಕೆ ಬಿದ್ರೆ ಎರಡು ವಾರ ಮೊದಲೇ ಪೇಟೆಯ ನೆಂಟರ ಮನೇಲಿ ಇರಿಸಿ. ಧರೆ ಕುಸಿದ ರಾತ್ರಿ 108 ಕೂಡ ತಲುಪಲ್ಲ.

ಪಿಯು ಉಪನ್ಯಾಸಕಿ, ಸೊರಬ:
ಟಿಸಿ ತಗೊಂಡು ಹೋಗಿ ಅಂತ ಕಾಲೇಜಿನವರು ಒತ್ತಾಯಿಸೋ ಹಾಗಿಲ್ಲ. ನೀವಾಗಿಯೂ ಅವಸರದಲ್ಲಿ ಬಿಡಿಸಬೇಡಿ. ಹಾಜರಾತಿ ಕಡಿಮೆಯಾದ್ರೆ ವೈದ್ಯಕೀಯ ಪ್ರಮಾಣಪತ್ರ ಕೊಡಿ, ಅದರಲ್ಲಿ ಕಾರಣ ಬಿಡಿಸಿ ಬರೀಬೇಕಿಲ್ಲ. ವರ್ಷ ಹೋಗೇಹೋದ್ರೆ ರಾಷ್ಟ್ರೀಯ ಮುಕ್ತ ಶಾಲೆ ಇದೆ.

ವಕೀಲೆ, ಶಿವಮೊಗ್ಗ:
ಒಂದು ಬಿಟ್ಟಿದ್ದೆ. ಮಗು ಹುಟ್ಟಿದ ಮೇಲೆ ಸಾಕೋಕಾಗಲ್ಲ ಅಂದ್ರೆ ಪರಿಚಯದವರ ಕೈಗೆ ಕೊಡಬೇಡಿ, ಅದು ಅಪರಾಧ. ಮಕ್ಕಳ ಕಲ್ಯಾಣ ಸಮಿತಿ ಮುಂದೆ ಒಪ್ಪಿಸಬಹುದು. ಮನಸ್ಸು ಬದಲಾಯಿಸೋಕೆ ಎರಡು ತಿಂಗಳು ಕಾಲಾವಕಾಶ ಇರುತ್ತೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೈಮುಗಿತೀನಿ. ಹುಡುಗ ಅವಳ ಕ್ಲಾಸಿನವನೇ, ಬಲವಂತ ಆಗಿಲ್ಲ. ಅಕ್ಕನಿಗೆ ಹೇಗೆ ಹೇಳಲಿ?

ಆಪ್ತಸಮಾಲೋಚಕಿ, ಭದ್ರಾವತಿ:
ಕಿಟ್ ಫಲಿತಾಂಶ ಬಂದ ಮೇಲೆ, ಅಕ್ಕ ಒಬ್ಬರೇ ಇದ್ದಾಗ ಹೇಳಿ. ಭಾವ, ಅಜ್ಜಿ ಇರೋ ಹೊತ್ತಲ್ಲಿ ಬೇಡ. ಹುಡುಗಿ ಆಗ ಇನ್ನೊಂದು ಮನೇಲಿರಲಿ. 'ನಾಳೆ ಡಾಕ್ಟರ್ ಹತ್ರ ಹೋಗೋಣ, ನಾನೂ ಬರ್ತೀನಿ' ಅನ್ನೋದನ್ನ ಮೊದಲ ಮಾತಲ್ಲೇ ಸೇರಿಸಿ; ಮುಂದಿನ ಹೆಜ್ಜೆ ಕಂಡ್ರೆ ಸಿಟ್ಟು ಅರ್ಧ ಇಳಿಯುತ್ತೆ. ಆ ಒಂದೆರಡು ವಾರ ಅವಳನ್ನ ಒಂಟಿಯಾಗಿ ಬಿಡಬೇಡಿ. ಅಡಿಕೆ ತೋಟದ ಮೈಲುತುತ್ತ, ಕಳೆನಾಶಕ ಎಲ್ಲಾ ಬೀಗದೊಳಗೆ ಹೋಗಲಿ, ಕೀಲಿ ನಿಮ್ಮ ಹತ್ರ ಇರಲಿ. ಊಟ ಬಿಟ್ಟು ಮಾತೂ ನಿಲ್ಲಿಸಿದ್ರೆ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.