ರೇಡಾನ್ ಮಿಟಿಗೇಶನ್‌ಗೆ ಕನ್ನಡದಲ್ಲಿ ಏನನ್ನೋಣ? (ಅರ್ಜೆಂಟ್)

ಗೆಳೆಯರೇ,

ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ಮಕ್ಕಳ ಮನೆಗೆ ಬಂದಿರುವ ಅಪ್ಪ-ಅಮ್ಮಂದಿರಿಗಾಗಿ ಒಂದು ಕರಪತ್ರ ಮಾಡುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಎಷ್ಟೋ ಮನೆಗಳಲ್ಲಿ ಅವರಿಗೆ ಬೇಸ್‌ಮೆಂಟಿನಲ್ಲೇ ಮಲಗುವ ಕೋಣೆ. ನೆಲದ ಬಿರುಕಿನಿಂದ ನುಸುಳುವ ರೇಡಾನ್ ಎಂಬ ವಿಕಿರಣಶೀಲ ಅನಿಲ ಜಾಸ್ತಿ ಸೇರುವುದೂ ಅಲ್ಲೇ. ಅದನ್ನು ಅಳೆಯುವ ಟೆಸ್ಟ್ ಡಬ್ಬಿ ಇಟ್ಟಿರುವಾಗ ಸೆಕೆ ಅಂತ ಕಿಟಕಿ ತೆರೆದುಬಿಡುತ್ತಾರೆ. ಅಳತೆ ಕಡಿಮೆ ಬಂದು ಎಲ್ಲರೂ ನಿಶ್ಚಿಂತೆಯಾಗಿ ಇದ್ದುಬಿಡುತ್ತಾರೆ.

ಮಿಟಿಗೇಶನ್‌ಗೆ, ಅಂದರೆ ಮನೆಯೊಳಗಿನ ರೇಡಾನ್ ಕಡಿಮೆ ಮಾಡುವುದಕ್ಕೆ, 'ರೇಡಾನ್ ನಿವಾರಣೆ' ಅಂತ ಬರೆದಿದ್ದೇನೆ. ಸರಿನಾ? ಆಮೇಲೆ, ಕಾಂಕ್ರೀಟ್ ನೆಲ ಕೊರೆದು ಪೈಪ್ ಕೂರಿಸಿ, ಅಡಿಯ ಗಾಳಿಯನ್ನು ಫ್ಯಾನಿನಿಂದ ಎಳೆದು ಚಾವಣಿಯ ಮೇಲೆ ಬಿಡುತ್ತಾರಲ್ಲ, ಅದಕ್ಕೆ?

———

> 'ರೇಡಾನ್ ನಿವಾರಣೆ'

ತಪ್ಪು. ನಿವಾರಣೆ ಅಂದರೆ ಇಲ್ಲವಾಗಿಸುವುದು. ಮಣ್ಣಿನಲ್ಲಿ ಯುರೇನಿಯಂ ಇರುವ ತನಕ ರೇಡಾನ್ ಹುಟ್ಟುತ್ತಲೇ ಇರುತ್ತದೆ. ಹೊರಗಿನ ಗಾಳಿಯಲ್ಲೂ ಅಷ್ಟಿಷ್ಟು ಇದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕೂಡ ಅಳತೆ ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣಶೀಲತೆಯ ಮಾನ) ಮುಟ್ಟಿದರೆ ಮನೆ ಸರಿಮಾಡಿಸಿ ಅನ್ನುತ್ತದೆ, ಸೊನ್ನೆ ಮಾಡಿ ಅನ್ನುವುದಿಲ್ಲ. 'ರೇಡಾನ್ ಇಳಿಸುವುದು' ಅನ್ನಿ. ಜ್ವರ ಇಳಿಸುತ್ತೇವೆ, ಬಿಪಿ ಇಳಿಸುತ್ತೇವೆ. ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

———

'ಇಳಿಸು' ಬೇಡ. ಬೇಸ್‌ಮೆಂಟಿನ ಮಾತಾಡುವಾಗ ಅದು ಕೆಳಕ್ಕೆ ತಂದು ಹಾಕಿದ ಹಾಗೆ ಕೇಳುತ್ತದೆ. 'ತಗ್ಗಿಸು'. ಪೈಪು, ಫ್ಯಾನು ಸೇರಿ 'ಹೀರುಗೊಳವೆ'.

ರೇಡಾನ್ ಅನ್ನೂ ಯಾಕೆ ಹಾಗೇ ಬಿಡಬೇಕು? ಅದು ಬಂದದ್ದು ರೇಡಿಯಂನಿಂದ. ರೇಡಿಯಂ ಬಂದದ್ದು ಲ್ಯಾಟಿನ್ನಿನಲ್ಲಿ ಕದಿರು, ಅಂದರೆ ಕಿರಣ, ಎಂಬ ಹುರುಳಿರುವ ಮಾತಿನಿಂದ. ನಮ್ಮಲ್ಲಿ ಕದಿರೂ ಇದೆ, ಆವಿಯೂ ಇದೆ. ಕದಿರಾವಿ. ನಾಲ್ಕು ಸಲ ಬಳಸಿದರೆ ರೂಢಿಯಾಗುತ್ತದೆ.

———

ತಗ್ಗಿಸು, ಹೀರುಗೊಳವೆ ಎರಡೂ ಒಪ್ಪಿದೆ. ಕದಿರಾವಿ ಖಂಡಿತ ಬೇಡ. ಅಂಗಡಿಯ ಡಬ್ಬಿಯ ಮೇಲೆ ಇರುವುದು ರೇಡಾನ್. ಪೈಪ್ ಹಾಕಲು ಬರುವವನು ಹೇಳುವುದು ರೇಡಾನ್. ಕರಪತ್ರದಲ್ಲಿ ಮಾತ್ರ ಕದಿರಾವಿ ಅಂತಿದ್ದರೆ ಆ ತಾಯಿ ಏನು ಕೇಳಬೇಕು? ಅಲ್ಲದೆ ಆವಿ ಅಂದರೆ ಇಡ್ಲಿ ಪಾತ್ರೆಯಿಂದ ಏಳುವುದು. ಕಾಣುತ್ತದೆ, ಕೈಗೆ ಬಿಸಿ ತಾಗುತ್ತದೆ. ರೇಡಾನ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಹೀಲಿಯಂ, ನಿಯಾನ್ ಹಾಗೇ ಇವೆ. ಇದೂ ಇರಲಿ.

———

ಆಮ್ಲಜನಕ, ಜಲಜನಕ ಹಾಗೇ ಇರಲಿಲ್ಲವಲ್ಲ? ಸಂಸ್ಕೃತದಲ್ಲಿ ಕಟ್ಟಿದರೆ ಪಾಠಪುಸ್ತಕಕ್ಕೆ ಸೇರುತ್ತದೆ. ಕನ್ನಡದಲ್ಲಿ ಕಟ್ಟಿದರೆ ಜನರಿಗೆ ಗೊತ್ತಾಗುವುದಿಲ್ಲ ಅನ್ನುತ್ತೀರಿ. ಮೊದಲ ದಿನ ಆಮ್ಲಜನಕ ಯಾರಿಗೆ ಗೊತ್ತಿತ್ತು?

———

ಆಮ್ಲಜನಕ ಗೊತ್ತಿದ್ದೂ ಆಸ್ಪತ್ರೆಯಲ್ಲಿ ಎಲ್ಲರೂ ಕೇಳುವುದು ಆಕ್ಸಿಜನ್. ಬೇರೆ ಭಾಷೆಯಿಂದ ಪದ ಕೊಳ್ಳುವುದು ತಪ್ಪಲ್ಲ. ನಿಮ್ಮ 'ರೂಢಿ'ಯೂ ಸಂಸ್ಕೃತದಿಂದ ಕೊಂಡದ್ದೇ.

———

ಈ ಚರ್ಚೆ ದಯವಿಟ್ಟು ಬೇರೆ ಸಬ್ಜೆಕ್ಟಿನಲ್ಲಿ ಮುಂದುವರಿಸಿ. ಹೀಗೆ ಹಾಕುತ್ತಿದ್ದೇನೆ:

"ರೇಡಾನ್ ಅಳೆಯುವ ಡಬ್ಬಿ ಇಡುವ 12 ಗಂಟೆ ಮೊದಲಿನಿಂದ ಅದನ್ನು ತೆಗೆಯುವ ತನಕ ಕಿಟಕಿ, ಬಾಗಿಲು ಮುಚ್ಚಿಡಿ. ಬಂದು ಹೋಗಲು ಬಾಗಿಲು ತೆರೆದರೆ ಪರವಾಗಿಲ್ಲ. ಅಳತೆ 4 ಅಥವಾ ಜಾಸ್ತಿ ಬಂದರೆ ಹೀರುಗೊಳವೆ ಹಾಕಿಸಿ ರೇಡಾನ್ ತಗ್ಗಿಸಿ."

ಹೀರುಗೊಳವೆ ಅಂದರೆ ಎಳನೀರಿನ ಸ್ಟ್ರಾ ಅಂದುಕೊಳ್ಳಬಾರದು, ಹಾಗಾಗಿ ಪಕ್ಕದಲ್ಲಿ ಚಿತ್ರ ಇರುತ್ತದೆ. ಬೇಸ್‌ಮೆಂಟ್ ಹಾಗೇ ಬಿಡಲಾ, ನೆಲಮಾಳಿಗೆ ಅನ್ನಲಾ? ಒಂದೇ ಸಾಲಿನಲ್ಲಿ ಹೇಳಿ.